ಆಸ್ಪತ್ರೆ ಸೇರಿದವರ ಲೆಕ್ಕದಲ್ಲಿ ಸೇರದವರು ಎಲ್ಲಿ?

ಕೇಂದ್ರ ಸರ್ಕಾರ 2017-18ರಲ್ಲಿ ಮನೆಮನೆಗೆ ಹೋಗಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಆರೋಗ್ಯ ವರದಿಯನ್ನು ಮೇಲ್ನೋಟಕ್ಕೆ ಓದಿದರೆ, ಈ ದೇಶದಲ್ಲಿ ಬಡವರು ಗಟ್ಟಿಮುಟ್ಟಾಗಿದ್ದಾರೆ, ಉಳ್ಳವರೇ ಕಾಯಿಲೆಯವರು ಎಂದು ತೋರುತ್ತದೆ. ಜನರನ್ನು ತಲಾ ಬಳಕೆ ವೆಚ್ಚದ ಏರುಕ್ರಮದಲ್ಲಿ ನಿಲ್ಲಿಸಿ ಐದು ಸಮಭಾಗ ಮಾಡಿ ನೋಡಿ: ವರ್ಷದಲ್ಲಿ ಅಡ್ಮಿಟ್ ಆದವರ ಪ್ರಮಾಣ ತಳದ ಭಾಗದಲ್ಲಿ ಕಡಿಮೆ, ಮೇಲಿನ ಭಾಗದಲ್ಲಿ ಹೆಚ್ಚು. ‘ಕಳೆದ 15 ದಿನಗಳಲ್ಲಿ ಹುಷಾರಿರಲಿಲ್ಲ’ ಎಂದವರು ಹಳ್ಳಿಗಳಲ್ಲಿ ಶೇ 6.8, ನಗರಗಳಲ್ಲಿ ಶೇ 9.1. ಸಾಮಾಜಿಕ ಗುಂಪುಗಳ ಪೈಕಿ ಹಾಗೆ ಹೇಳಿದವರು ಅತಿ ಕಡಿಮೆ ಇರುವುದು ಪರಿಶಿಷ್ಟ ಪಂಗಡಗಳಲ್ಲಿ. ಹೆರಿಗೆ ಬಿಟ್ಟು, ವರ್ಷದಲ್ಲಿ ಒಮ್ಮೆಯಾದರೂ ಒಳರೋಗಿಯಾದವರು ಹಳ್ಳಿಯಲ್ಲಿ ಶೇ 2.6, ನಗರದಲ್ಲಿ ಶೇ 3.4.

ಇದೇ ದೇಶದ ಇನ್ನೊಂದು ದೊಡ್ಡ ಸಮೀಕ್ಷೆಯನ್ನು, ಅಂದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದರೆ ಚಿತ್ರ ತಲೆಕೆಳಗಾಗುತ್ತದೆ. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳ ಪ್ರಮಾಣ ಅತಿ ಬಡ ಐದನೇ ಭಾಗದಲ್ಲಿ, ಅತಿ ಶ್ರೀಮಂತ ಐದನೇ ಭಾಗಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಹೆಚ್ಚು ಸಾಯುವವರು ಕಡಿಮೆ ಕಾಯಿಲೆ ಬೀಳುತ್ತಾರೆ, ಕಡಿಮೆ ಆಸ್ಪತ್ರೆ ಸೇರುತ್ತಾರೆ ಎಂಬುದು ದೇಹಕ್ಕೆ ಸಂಬಂಧಿಸಿದ ಸತ್ಯವಾಗಿರಲು ಸಾಧ್ಯವಿಲ್ಲ. ಆಸ್ಪತ್ರೆ ವಾಸದ ಅಂಕಿಅಂಶ ಅಳೆಯುವುದು ರೋಗವನ್ನು ಮಾತ್ರವಲ್ಲ. ರೋಗವನ್ನು ರೋಗವೆಂದು ಗುರುತಿಸುವ ಶಕ್ತಿ, ಕೂಲಿ ಬಿಟ್ಟು ಮಲಗುವ ಅನುಕೂಲ, ಆಸ್ಪತ್ರೆಯ ದೂರ, ಕೈಯಲ್ಲಿರುವ ದುಡ್ಡು, ಖಾಲಿ ಹಾಸಿಗೆ, ಇಷ್ಟೂ ಸೇರಿ ಆ ಒಂದು ಶೇಕಡಾವಾರು ಹುಟ್ಟುತ್ತದೆ.

ಇಂಗ್ಲೆಂಡಿನ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಇದು ಇನ್ನಷ್ಟು ಸ್ಪಷ್ಟ. ಅಲ್ಲಿ 1948ರಿಂದ ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಹೊತ್ತಿಗೆ ದುಡ್ಡು ಕಟ್ಟಬೇಕಿಲ್ಲ. ಪ್ರತಿ ಅಡ್ಮಿಷನ್ನಿನ ದಾಖಲೆಯಲ್ಲಿ ರೋಗಿಯ ಮನೆಯ ಪಿನ್‌ಕೋಡ್ ಇರುತ್ತದೆ. ಆ ಪಿನ್‌ಕೋಡನ್ನು ಸರಾಸರಿ 1,500 ಜನರಿರುವ ಸಣ್ಣ ಪ್ರದೇಶಕ್ಕೆ ಜೋಡಿಸಿ, ಆ ಪ್ರದೇಶ ಎಷ್ಟು ವಂಚಿತ ಎಂಬ ಸೂಚ್ಯಂಕದೊಂದಿಗೆ ಹೊಂದಿಸುತ್ತಾರೆ. ಅಲ್ಲಿ ತುರ್ತು ದಾಖಲಾತಿ ಹೆಚ್ಚಿರುವುದು ಅತಿ ವಂಚಿತ ಪ್ರದೇಶಗಳಲ್ಲಿ. ಬಡವರಿಗೆ ರೋಗ ಹೆಚ್ಚು, ಆದ್ದರಿಂದ ಆಸ್ಪತ್ರೆಯೂ ಹೆಚ್ಚು. ನಮ್ಮಲ್ಲಿ ಅದೇ ಗೆರೆ ಎದುರು ದಿಕ್ಕಿಗೆ ಏರುತ್ತದೆ.

ಭಾರತದೊಳಗೂ ಇದೇ ಒಗಟು ಇದೆ. ಅಮರ್ತ್ಯ ಸೇನ್ 2002ರಲ್ಲಿ ಇದನ್ನು ಎತ್ತಿ ತೋರಿಸಿದ್ದರು: ಆಯುಷ್ಯ ಹೆಚ್ಚಿರುವ ಕೇರಳದಲ್ಲಿ ಜನ ತಾವೇ ಹೇಳಿಕೊಳ್ಳುವ ಕಾಯಿಲೆ ಹೆಚ್ಚು, ಆಯುಷ್ಯ ಕಡಿಮೆಯಿರುವ ಬಿಹಾರದಲ್ಲಿ ತೀರಾ ಕಡಿಮೆ. 75ನೇ ಸುತ್ತಿನಲ್ಲೂ ಕೇರಳದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹುಷಾರಿರಲಿಲ್ಲ ಎಂದಿದ್ದಾರೆ. ಬಿಪಿ ನೋಡಿಸಿಕೊಳ್ಳದವರಿಗೆ ಬಿಪಿ ಇರುವುದೇ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಸೊಂಟ ನೋವಿನಲ್ಲೇ ಕಬ್ಬು ಕಡಿಯುವವರು ಅದನ್ನು ಕಾಯಿಲೆಯ ಪಟ್ಟಿಗೆ ಸೇರಿಸುವುದಿಲ್ಲ.

ಇದೆಲ್ಲ ಈಗ ಮುಖ್ಯವಾಗುವುದಕ್ಕೆ ಕಾರಣವಿದೆ. 75ನೇ ಸುತ್ತು ನಡೆದದ್ದು 2017ರ ಜುಲೈನಿಂದ 2018ರ ಜೂನ್‌ವರೆಗೆ. ಆರೋಗ್ಯವನ್ನು ಮತ್ತೆ ಕೈಗೆತ್ತಿಕೊಂಡ 80ನೇ ಸುತ್ತಿನ ಕ್ಷೇತ್ರಕಾರ್ಯ 2025ರಲ್ಲಿ ನಡೆಯಿತು. ಎರಡರ ನಡುವೆ ಆಯುಷ್ಮಾನ್ ಭಾರತ್ ಬಂತು, ಕೋವಿಡ್ ಬಂತು. ಎರಡು ಸುತ್ತುಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಆಳುವವರೂ ವಿರೋಧಿಗಳೂ ತಮಗೆ ಬೇಕಾದ ಕಥೆ ಹೇಳುವ ಹೊತ್ತಿನಲ್ಲಿ, ಓದುಗರಿಗೆ ಈ ಲೆಕ್ಕದ ಒಳಗುಟ್ಟು ಗೊತ್ತಿರಬೇಕು.

ಎಂಟು ಮನೆಗಳಿಂದ ಹುಟ್ಟುವ ಅಂಕಿ

75ನೇ ಸುತ್ತಿನಲ್ಲಿ 8,077 ಹಳ್ಳಿಗಳು ಮತ್ತು 6,181 ನಗರ ಬ್ಲಾಕ್‌ಗಳನ್ನು ಆರಿಸಿ, 1,13,823 ಕುಟುಂಬಗಳ 5,55,115 ಜನರ ವಿವರ ಸಂಗ್ರಹಿಸಲಾಯಿತು. ಅಂದರೆ ಒಂದು ಹಳ್ಳಿ ಅಥವಾ ಬ್ಲಾಕಿಗೆ ಸುಮಾರು ಎಂಟು ಮನೆ. ಈ ಎಂಟನ್ನು ಚೀಟಿ ಎತ್ತಿದಂತೆ ಸುಮ್ಮನೆ ಆರಿಸುವುದಿಲ್ಲ. ಮೊದಲು ಮನೆಮನೆ ಪಟ್ಟಿ ಮಾಡಿ, ಒಂದು ವರ್ಷದೊಳಗಿನ ಮಗು ಇರುವ ಮನೆ, ವರ್ಷದಲ್ಲಿ ಯಾರಾದರೂ ಆಸ್ಪತ್ರೆ ಸೇರಿದ ಮನೆ, ಉಳಿದ ಮನೆ ಎಂದು ಗುಂಪು ಮಾಡುತ್ತಾರೆ. ಆಸ್ಪತ್ರೆ ಸೇರುವುದು ಅಪರೂಪದ ಘಟನೆಯಾದ್ದರಿಂದ ಅಂಥ ಮನೆಗಳನ್ನು ಬೇಕೆಂದೇ ಹೆಚ್ಚಾಗಿ ಆರಿಸುತ್ತಾರೆ.

ಹೊಸದಾಗಿ ದತ್ತಾಂಶ ಇಳಿಸಿಕೊಂಡವರು ಮುಗ್ಗರಿಸುವುದು ಇಲ್ಲೇ. ಸಾಂಖ್ಯಿಕ ಸಚಿವಾಲಯ ಕುಟುಂಬವಾರು ದತ್ತಾಂಶವನ್ನು ತನ್ನ ಮೈಕ್ರೊಡೇಟಾ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಐದೂವರೆ ಲಕ್ಷ ಜನರ ಎದುರು ಆಸ್ಪತ್ರೆ ವಾಸದ ಪ್ರಕರಣಗಳು 90 ಸಾವಿರಕ್ಕೂ ಹೆಚ್ಚು. ಹಾಗೇ ಭಾಗಿಸಿದರೆ ನೂರಕ್ಕೆ ಹದಿನಾರು ಬರುತ್ತದೆ. ಹೆರಿಗೆ ಬಿಟ್ಟು ವರದಿಯಲ್ಲಿ ಅಚ್ಚಾದ ಅಖಿಲ ಭಾರತ ಅಂಕಿ ಶೇ 2.9. ವ್ಯತ್ಯಾಸದ ಬಹುಭಾಗ ಬರುವುದು ತೂಕ ಹಾಕದೆ ಎಣಿಸಿದ್ದರಿಂದ. ಪ್ರತಿ ದಾಖಲೆಯ ಜೊತೆ ಬರುವ ಮಲ್ಟಿಪ್ಲೈಯರ್, ಆ ಮನೆ ಎಷ್ಟು ಮನೆಗಳ ಪ್ರತಿನಿಧಿ ಎಂಬುದನ್ನು ಹೇಳುತ್ತದೆ. ಅಖಿಲ ಭಾರತ ಅಂದಾಜಿಗೆ, ‘ಎನ್‌ಎಸ್‌ಎಸ್’ ಮತ್ತು ‘ಎನ್‌ಎಸ್‌ಸಿ’ ಎಂಬ ಎರಡು ಕಾಲಂಗಳ (ಒಂದು ಉಪಮಾದರಿಯಲ್ಲಿ, ಮತ್ತು ಉಪಮಾದರಿಗಳೆಲ್ಲ ಸೇರಿ, ಸಮೀಕ್ಷೆಯಾದ ಹಳ್ಳಿ-ಬ್ಲಾಕ್‌ಗಳ ಎಣಿಕೆ) ಸಂಖ್ಯೆ ಒಂದೇ ಆಗಿದ್ದರೆ ಮಲ್ಟಿಪ್ಲೈಯರನ್ನು 100ರಿಂದಲೂ, ಬೇರೆಯಾಗಿದ್ದರೆ 200ರಿಂದಲೂ ಭಾಗಿಸಿ ಬಳಸಬೇಕು. ತೂಕ ಹಾಕಿದ ಮೇಲೆ ವರದಿಯಲ್ಲಿರುವ ಒಂದು ಅಂಕಿಯನ್ನು ನೀವೇ ಲೆಕ್ಕ ಮಾಡಿ, ಹೊಂದಿದರೆ ಮಾತ್ರ ಮುಂದಕ್ಕೆ ಹೋಗಿ. ಹೊಂದದಿದ್ದರೆ ಎಲ್ಲೋ ಕಡತಗಳ ಜೋಡಣೆ ತಪ್ಪಿದೆ, ಇಲ್ಲವೇ ವ್ಯಕ್ತಿಗಳ ಬದಲು ಪ್ರಕರಣಗಳನ್ನು ಎಣಿಸಿದ್ದೀರಿ. ಒಬ್ಬನೇ ರೋಗಿ ಮೂರು ಸಲ ಅಡ್ಮಿಟ್ ಆಗಿದ್ದರೆ ಪ್ರಕರಣ ಮೂರು, ವ್ಯಕ್ತಿ ಒಬ್ಬ.

ಮನೆಯ ಜಗುಲಿಯಲ್ಲಿ ಕೂತ ಸಮೀಕ್ಷಕರು ಪ್ರತಿ ಪ್ರಕರಣಕ್ಕೂ ಕೇಳುವುದು ಕಡಿಮೆಯೇನಲ್ಲ. ಯಾವ ಕಾಯಿಲೆ, ಸರ್ಕಾರಿಯೋ ಖಾಸಗಿಯೋ ಧರ್ಮಾರ್ಥವೋ, ವಾರ್ಡು ಉಚಿತವೋ ದುಡ್ಡು ಕೊಟ್ಟ ಸಾಮಾನ್ಯ ವಾರ್ಡೋ ವಿಶೇಷ ವಾರ್ಡೋ, ಎಷ್ಟು ದಿನ ಮಲಗಿದ್ದು. ಆಪರೇಷನ್, ಔಷಧಿ, ಎಕ್ಸ್‌ರೇ-ಸ್ಕ್ಯಾನಿಂಗ್, ಉಳಿದ ಪರೀಕ್ಷೆ, ಇವು ನಾಲ್ಕಕ್ಕೂ ಪೂರ್ತಿ ಉಚಿತವೋ, ಭಾಗಶಃ ಉಚಿತವೋ, ದುಡ್ಡು ಕೊಟ್ಟಿದ್ದೋ ಎಂದು ಬೇರೆ ಬೇರೆ. ಡಾಕ್ಟರ ಫೀಸು, ಔಷಧಿ, ಪರೀಕ್ಷೆ, ಹಾಸಿಗೆ ಬಾಡಿಗೆ, ಓಡಾಟದ ಖರ್ಚು, ಜೊತೆಗಿದ್ದವರ ಊಟ-ವಸತಿ, ಮನೆಯ ಆದಾಯದಲ್ಲಿ ಆದ ನಷ್ಟ. ಆ ದುಡ್ಡು ಎಲ್ಲಿಂದ ಬಂತು: ಆದಾಯ-ಉಳಿತಾಯ, ಸಾಲ, ಆಸ್ತಿ ಮಾರಾಟ, ಬಂಧು-ಸ್ನೇಹಿತರ ನೆರವು.

ಕಷ್ಟವೆಂದರೆ ಇಷ್ಟಕ್ಕೂ ಉತ್ತರ ಕೊಡುವುದು ಸಾಮಾನ್ಯವಾಗಿ ಮನೆಯಲ್ಲಿ ಸಿಕ್ಕಿದ ಒಬ್ಬರ ನೆನಪು, ಅದೂ 365 ದಿನ ಹಿಂದಿನವರೆಗೆ. ಹೃದಯದ ಆಪರೇಷನ್ ಯಾರೂ ಮರೆಯುವುದಿಲ್ಲ. ಹನ್ನೊಂದು ತಿಂಗಳ ಹಿಂದೆ ವಾಂತಿಭೇದಿಯಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿಸಿಕೊಂಡದ್ದು ಮರೆತುಹೋಗುತ್ತದೆ. ಬಿಲ್ ಇಲ್ಲದ, ಡಿಸ್ಚಾರ್ಜ್ ಸಮ್ಮರಿ ಜೋಪಾನ ಮಾಡದ, ಖರ್ಚು ಹೆಚ್ಚಾಗದ ದಾಖಲಾತಿಗಳು ಮೊದಲು ಜಾರುತ್ತವೆ. ಅಂಥವು ಹೆಚ್ಚಿರುವುದು ಸರ್ಕಾರಿ ಆಸ್ಪತ್ರೆ ನಂಬಿದ ಮನೆಗಳಲ್ಲಿ. ಹೀಗೆ ಮರೆವು ಕೂಡ ಎಲ್ಲ ವರ್ಗಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ. ದತ್ತಾಂಶದಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು: ಕಳೆದ 15 ದಿನಗಳಲ್ಲಿ ಅಡ್ಮಿಟ್ ಆದವರು, ಅದಕ್ಕೂ ಹಿಂದೆ ಆದವರು ಎಂಬ ಗುರುತು ಪ್ರತಿ ಪ್ರಕರಣಕ್ಕೂ ಇದೆ. 15 ದಿನದ ದರವನ್ನು ವರ್ಷಕ್ಕೆ ವಿಸ್ತರಿಸಿ, ವರ್ಷದ ದರದ ಜೊತೆ ಹೋಲಿಸಿದರೆ ಮರೆವಿನ ಅಂದಾಜು ಸಿಗುತ್ತದೆ. ಅದನ್ನು ಬಳಕೆಯ ಐದು ಭಾಗಗಳಿಗೂ ಪ್ರತ್ಯೇಕವಾಗಿ ಮಾಡಿದರೆ ಯಾರ ಕಾಯಿಲೆ ಹೆಚ್ಚು ಜಾರಿದೆ ಎಂಬುದರ ಸುಳಿವೂ ಸಿಗುತ್ತದೆ.

ಕೆಲವರು ಪಟ್ಟಿಗೇ ಬರುವುದಿಲ್ಲ. ಒಂದೇ ಕಡೆ ನೆಲೆನಿಂತ ರಸ್ತೆಬದಿಯ ಕುಟುಂಬಗಳನ್ನು ಸಮೀಕ್ಷೆ ಸೇರಿಸಿಕೊಳ್ಳುತ್ತದೆ, ಆದರೆ ಖಾಯಂ ನೆಲೆಯೇ ಇಲ್ಲದೆ ಅಲೆಯುವವರನ್ನು ಇಲ್ಲ. ಅನಾಥಾಶ್ರಮ, ನಿರಾಶ್ರಿತರ ಕೇಂದ್ರಗಳಲ್ಲಿರುವವರು, ಶಿಕ್ಷೆ ಅನುಭವಿಸುತ್ತಿರುವ ಕೈದಿಗಳು ಹೊರಗೆ. ವರ್ಷದೊಳಗೆ ತೀರಿಹೋದ ಸದಸ್ಯರ ಆಸ್ಪತ್ರೆ ವಿವರವನ್ನು ಮನೆಯವರಿಂದ ಪ್ರತ್ಯೇಕವಾಗಿ ಕೇಳುತ್ತಾರೆ, ಇದು ಒಳ್ಳೆಯ ಕ್ರಮ. ಆದರೆ ಒಂಟಿಯಾಗಿದ್ದ ಮುದುಕಿ ಆಸ್ಪತ್ರೆಯಲ್ಲಿ ಸತ್ತಿದ್ದರೆ ಹೇಳುವವರೇ ಇರುವುದಿಲ್ಲ. ಕಲ್ಯಾಣ ಕರ್ನಾಟಕದಿಂದ ಗುಳೆ ಹೋದ ಕುಟುಂಬದ ಮನೆಗೆ ಸಮೀಕ್ಷಕರು ಬಂದಾಗ ಬೀಗ ಹಾಕಿದ್ದರೆ, ಆ ಜಾಗಕ್ಕೆ ಇನ್ನೊಂದು ಮನೆ ಬರುತ್ತದೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಆಸ್ಪತ್ರೆ ವಿಭಾಗದ ಪ್ರಶ್ನೆಗಳೆಲ್ಲ ಅಡ್ಮಿಟ್ ಆದವರ ಬಗ್ಗೆ. ‘ಡಾಕ್ಟರು ಅಡ್ಮಿಟ್ ಆಗಲು ಹೇಳಿದರೂ ಆಗದೆ ಉಳಿದವರು ಮನೆಯಲ್ಲಿ ಇದ್ದಾರೆಯೇ, ಏಕೆ ಆಗಲಿಲ್ಲ’ ಎಂಬ ಒಂದು ಪ್ರಶ್ನೆ ಸೇರಿಸಿದರೆ ಈ ಇಡೀ ಅಂಕಿಅಂಶದ ಅರ್ಥವೇ ಬದಲಾಗುತ್ತದೆ.

ವಯಸ್ಸು ಸರಿಪಡಿಸದ ಹೋಲಿಕೆ ಹೋಲಿಕೆಯಲ್ಲ

60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ 15 ದಿನಗಳಲ್ಲಿ ಕಾಯಿಲೆ ಇತ್ತು ಎಂದಿದ್ದಾರೆ. ಆಸ್ಪತ್ರೆ ಸೇರುವ ಪ್ರಮಾಣವೂ ವಯಸ್ಸಿನ ಜೊತೆ ಜೋರಾಗಿ ಏರುತ್ತದೆ. ಆಯುಷ್ಯ ಕಡಿಮೆ, ಮಕ್ಕಳು ಹೆಚ್ಚು ಇರುವ ಗುಂಪಿನಲ್ಲಿ ಮುದುಕರ ಪಾಲು ಕಡಿಮೆ. ಆದ್ದರಿಂದ ಅವರ ಒಟ್ಟು ದರ ತಾನಾಗಿ ಕೆಳಗಿಳಿಯುತ್ತದೆ.

ಲೆಕ್ಕದ ಅನುಕೂಲಕ್ಕೆ ಎರಡು ಕಲ್ಪಿತ ಗುಂಪುಗಳನ್ನು ತೆಗೆದುಕೊಳ್ಳೋಣ. ಮೊದಲ ಗುಂಪಿನಲ್ಲಿ 60 ದಾಟಿದವರು ಶೇ 14, ಎರಡನೆಯದರಲ್ಲಿ ಶೇ 6. ಮೊದಲ ಗುಂಪಿನಲ್ಲಿ 60ರ ಕೆಳಗಿನವರಲ್ಲಿ ಶೇ 2, ಮೇಲಿನವರಲ್ಲಿ ಶೇ 8 ಆಸ್ಪತ್ರೆ ಸೇರುತ್ತಾರೆ. ಒಟ್ಟು ದರ ಶೇ 2.84. ಎರಡನೆಯ ಗುಂಪಿನವರು ಪ್ರತಿ ವಯಸ್ಸಿನಲ್ಲೂ ಶೇ ಹತ್ತರಷ್ಟು ಹೆಚ್ಚು ಆಸ್ಪತ್ರೆ ಸೇರುತ್ತಾರೆ ಎನ್ನಿ, ಅಂದರೆ ಶೇ 2.2 ಮತ್ತು ಶೇ 8.8. ಆದರೂ ಅವರ ಒಟ್ಟು ದರ ಶೇ 2.6ರ ಹತ್ತಿರ. ಯಾವ ವಯಸ್ಸಿನಲ್ಲಿ ನೋಡಿದರೂ ಹೆಚ್ಚು ಹಾಸಿಗೆ ಹಿಡಿಯುವ ಗುಂಪು, ಒಟ್ಟಾರೆ ಅಂಕಿಯಲ್ಲಿ ಆರೋಗ್ಯವಂತರಂತೆ ಕಾಣುತ್ತದೆ. ಪರಿಹಾರ ಕಷ್ಟದ್ದಲ್ಲ: ಪ್ರತಿ ಗುಂಪಿನ ವಯೋವಾರು ದರವನ್ನು ಒಂದೇ ಪ್ರಮಾಣಿತ ಜನಸಂಖ್ಯೆಗೆ (ಎಲ್ಲ ಗುಂಪಿಗೂ ಒಂದೇ ವಯೋಹಂಚಿಕೆಗೆ) ಹಚ್ಚಿ ಒಟ್ಟು ದರ ತೆಗೆಯಬೇಕು. ಜಾತಿವಾರು, ವರ್ಗವಾರು ಹೋಲಿಕೆಯ ಕೋಷ್ಟಕಗಳು ಹೀಗೆ ಸರಿಪಡಿಸಿದ ರೂಪದಲ್ಲೇ ಅಚ್ಚಾಗಬೇಕು.

ಹೆರಿಗೆಯದು ಇನ್ನೊಂದು ಬಲೆ. ಹಳ್ಳಿಗಳಲ್ಲಿ ಸುಮಾರು ಶೇ 90, ನಗರಗಳಲ್ಲಿ ಶೇ 96 ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದವು. ಹಳ್ಳಿಯ ಹೆರಿಗೆಗಳಲ್ಲಿ ಸರ್ಕಾರಿ ಆಸ್ಪತ್ರೆಯ ಪಾಲು ಸುಮಾರು ಶೇ 69, ಖಾಸಗಿಯದು ಶೇ 21. ನಗರದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹೆರಿಗೆ ಬಿಟ್ಟರೆ ಚಿತ್ರವೇ ಬೇರೆ: ಅಖಿಲ ಭಾರತ ಮಟ್ಟದಲ್ಲಿ ದಾಖಲಾತಿಗಳ ಶೇ 42 ಮಾತ್ರ ಸರ್ಕಾರಿ ಆಸ್ಪತ್ರೆಯಲ್ಲಿ, ಶೇ 55.3 ಖಾಸಗಿಯಲ್ಲಿ, ಉಳಿದದ್ದು ಧರ್ಮಾರ್ಥ ಸಂಸ್ಥೆಗಳಲ್ಲಿ. ಹೀಗಾಗಿ ಹೆರಿಗೆ ಸೇರಿಸಿದ ಅಂಕಿ ಕೊಟ್ಟು ಸರ್ಕಾರಿ ವ್ಯವಸ್ಥೆಯ ಪಾಲು ಏರಿದೆ ಎನ್ನಬಹುದು, ಬಿಟ್ಟ ಅಂಕಿ ಕೊಟ್ಟು ಇಳಿದಿದೆ ಎನ್ನಬಹುದು. ಯಾವುದೇ ಸುದ್ದಿ ಓದುವಾಗ ಅಡಿಟಿಪ್ಪಣಿಯಲ್ಲಿ ‘ಹೆರಿಗೆ ಹೊರತುಪಡಿಸಿ’ ಎಂಬ ಎರಡು ಪದ ಇದೆಯೇ ಎಂದು ಹುಡುಕಿ.

ಬಿಲ್ಲಿನ ಸರಾಸರಿ

ಹೆರಿಗೆ ಬಿಟ್ಟು ಒಂದು ಆಸ್ಪತ್ರೆ ವಾಸಕ್ಕೆ ಸರಾಸರಿ ವೈದ್ಯಕೀಯ ಖರ್ಚು ಹಳ್ಳಿಯವರಿಗೆ 16,676 ರೂಪಾಯಿ, ನಗರದವರಿಗೆ 26,475 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ 4,452, ಖಾಸಗಿಯಲ್ಲಿ 31,845. ಏಳು ಪಟ್ಟು ವ್ಯತ್ಯಾಸ.

ಸರಾಸರಿಯನ್ನು ಕೆಲವೇ ಭಾರೀ ಬಿಲ್‌ಗಳು ಮೇಲಕ್ಕೆ ಎಳೆಯುತ್ತವೆ, ಆದ್ದರಿಂದ ಮಧ್ಯಾಂಕವನ್ನೂ (ಬಿಲ್‌ಗಳನ್ನು ಏರುಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಮೊತ್ತ) ಜೊತೆಗೆ ನೋಡಬೇಕು. ಸರ್ಕಾರಿ ಆಸ್ಪತ್ರೆಯ 4,452ರಲ್ಲಿ ಹಾಸಿಗೆ, ಡಾಕ್ಟರ ಫೀಸಿಗಿಂತ ಹೊರಗೆ ಬರೆದುಕೊಟ್ಟ ಔಷಧಿ ಮತ್ತು ಪರೀಕ್ಷೆಗಳದ್ದೇ ಭಾರ. ಉಚಿತ ಎನ್ನುವ ಕಡೆಯೂ ಜೇಬಿಗೆ ಕತ್ತರಿ ಬೀಳುವುದು ಹೀಗೆ. ಓಡಾಟ, ಊಟ, ಕೂಲಿ ನಷ್ಟ ಈ ಸಂಖ್ಯೆಯ ಹೊರಗೆ. ಜಿಲ್ಲಾಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದ ರೋಗಿಯ ಜೊತೆಗಿದ್ದವರ ಖರ್ಚು ಕೆಲವೊಮ್ಮೆ ಚಿಕಿತ್ಸೆಯ ಖರ್ಚನ್ನೇ ಮೀರುತ್ತದೆ.

ದುಡ್ಡಿನ ಮುಖ್ಯ ಮೂಲ ಸಾಲ ಎಂದವರು ಹಳ್ಳಿಯಲ್ಲಿ ಶೇ 13.4, ನಗರದಲ್ಲಿ ಶೇ 8.5. ಇದು ‘ಮುಖ್ಯ’ ಮೂಲ ಮಾತ್ರ. ಅರವತ್ತು ಭಾಗ ಉಳಿತಾಯ, ನಲವತ್ತು ಭಾಗ ಕೈಸಾಲ ಮಾಡಿದ ಮನೆ ಇಲ್ಲಿ ಉಳಿತಾಯದ ಲೆಕ್ಕಕ್ಕೆ ಹೋಗುತ್ತದೆ.

ಬಡತನವನ್ನು ಅಳೆಯುವ ಅಳತೆಗೋಲಿನಲ್ಲೂ ತೊಡಕಿದೆ. ಆರೋಗ್ಯ ಸುತ್ತಿನಲ್ಲಿ ಮನೆಯ ಮಾಸಿಕ ಬಳಕೆ ವೆಚ್ಚವನ್ನು ನಾಲ್ಕಾರು ಪ್ರಶ್ನೆಗಳಲ್ಲಿ ಮುಗಿಸುತ್ತಾರೆ. ಬಳಕೆ ವೆಚ್ಚದ ಪ್ರತ್ಯೇಕ ಸಮೀಕ್ಷೆಯಲ್ಲಿ ಕೇಳುವ ನೂರಾರು ಸಾಮಾನುಗಳ ಪಟ್ಟಿ ಇಲ್ಲಿ ಇರುವುದಿಲ್ಲ. ಅಡ್ಮಿಟ್ ಆದ ಮನೆ ಸಾಲ ಮಾಡಿ ಖರ್ಚು ಮಾಡುತ್ತಿದ್ದರೆ ಅದರ ಬಳಕೆ ಏರಿ, ಒಂದು ಮೆಟ್ಟಿಲು ಮೇಲಿನ ವರ್ಗದಲ್ಲಿ ಕಾಣಿಸಿಕೊಳ್ಳಬಹುದು. ದುಡಿಯುವವರೇ ಹಾಸಿಗೆ ಹಿಡಿದು ಊಟಕ್ಕೂ ಕತ್ತರಿ ಬಿದ್ದ ಮನೆ ಒಂದು ಮೆಟ್ಟಿಲು ಕೆಳಗೆ ಜಾರಬಹುದು. ಬಳಕೆಯ ಜೊತೆಗೆ ಜಮೀನು, ಮನೆಯೊಡತಿಯ ಓದು, ಮುಖ್ಯ ಕಸುಬು ಇವುಗಳಿಂದಲೂ ವಿಂಗಡಿಸಿ ನೋಡಿದಾಗ ಮಾತ್ರ ವರ್ಗದ ಚಿತ್ರ ನಂಬುವಂತಾಗುತ್ತದೆ.

ಬಿಲ್ಲಿಗೆ ಹೆದರಿ ಆಸ್ಪತ್ರೆಗೆ ಹೋಗದ ಮನೆಯ ಖರ್ಚು ಸೊನ್ನೆ. ಮನೆಯ ಒಟ್ಟು ವೆಚ್ಚದ ಶೇ 10 ಅಥವಾ ಶೇ 25ನ್ನು ಆರೋಗ್ಯದ ಖರ್ಚು ಮೀರಿದರೆ ಅದನ್ನು ವಿಪರೀತ ಖರ್ಚು ಎಂದು, 2025ರ ಪರಿಷ್ಕರಣೆಗೆ ಮೊದಲು, ಎಣಿಸುತ್ತಿದ್ದ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಯ ಸೂಚಕದಲ್ಲಿ, ಚಿಕಿತ್ಸೆಯನ್ನೇ ಕೈಬಿಟ್ಟ ಆ ಮನೆ ಸುರಕ್ಷಿತರ ಸಾಲಿನಲ್ಲಿ ನಿಲ್ಲುತ್ತಿತ್ತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅನ್ಯಾಯದ ಕೋಷ್ಟಕ ಇದೇ.

ನಾಲ್ಕು ಡಬ್ಬಿಗಳ ಜಾತಿ

ಸಾಮಾಜಿಕ ಹಿನ್ನೆಲೆಗೆ ಸಮೀಕ್ಷೆಯಲ್ಲಿ ಇರುವುದು ನಾಲ್ಕು ಸಂಕೇತ: ಪರಿಶಿಷ್ಟ ಪಂಗಡ, ಪರಿಶಿಷ್ಟ ಜಾತಿ, ಇತರೆ ಹಿಂದುಳಿದ ವರ್ಗ, ಉಳಿದವರು. ಹಿಂದುಳಿದ ವರ್ಗಕ್ಕೆ ಪ್ರತ್ಯೇಕ ಸಂಕೇತ ಬಂದದ್ದೇ 1999-2000ರ 55ನೇ ಸುತ್ತಿನಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ 1995-96ರ ಆರೋಗ್ಯ ಸುತ್ತಿನ ಜೊತೆ ‘ಉಳಿದವರು’ ಎಂಬ ಗುಂಪನ್ನು ನೇರವಾಗಿ ಹೋಲಿಸುವಂತಿಲ್ಲ.

ಕರ್ನಾಟಕದಲ್ಲಿ ಮೀಸಲಾತಿಗೆ ಹಿಂದುಳಿದವರನ್ನು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಐದಾಗಿ ವಿಂಗಡಿಸಲಾಗಿದೆ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಿಂದುಳಿದವರೆಲ್ಲರಿಗೂ ಒಂದೇ ಡಬ್ಬಿ. ಅಲೆಮಾರಿ ಕುಟುಂಬವೂ ನೀರಾವರಿ ಜಮೀನಿರುವ ಕುಟುಂಬವೂ ಸೇರಿದ ಸರಾಸರಿ ಇಬ್ಬರ ಬದುಕನ್ನೂ ಹೇಳುವುದಿಲ್ಲ. ಪರಿಶಿಷ್ಟ ಜಾತಿ ಎಂಬ ಒಂದು ಸಂಕೇತದೊಳಗೆ ನಮ್ಮ ರಾಜ್ಯದ 101 ಜಾತಿಗಳಿವೆ. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಹಿಂದೂ, ಸಿಖ್, ಬೌದ್ಧರಷ್ಟೇ ಪರಿಶಿಷ್ಟ ಜಾತಿಗೆ ಸೇರಬಹುದು. ಹಾಗಾಗಿ ದಲಿತ ಕ್ರೈಸ್ತರು ಬೇರೆ ಡಬ್ಬಿಗೆ ಹೋಗುತ್ತಾರೆ. ಬಡ ಮುಸ್ಲಿಮರಲ್ಲಿ ಎಷ್ಟೋ ಜನ ಮೇಲ್ಜಾತಿಯವರ ಜೊತೆ ‘ಉಳಿದವರು’ ಆಗುತ್ತಾರೆ. ಧರ್ಮದ ಕಾಲಂ ಪ್ರತ್ಯೇಕವಾಗಿದೆ, ಎರಡನ್ನೂ ಕೂಡಿಸಿ ನೋಡುವ ಕೆಲಸ ವಿಶ್ಲೇಷಕರದು.

ಡಬ್ಬಿಗಳನ್ನು ಹೆಚ್ಚಿಸಿದರೆ ಸಾಕೇ ಎಂದರೆ ಮಾದರಿಯ ಗಾತ್ರ ಅಡ್ಡ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಶೇ 6.95. ಒಂದು ರಾಜ್ಯದಲ್ಲಿ 20,000 ಜನರ ಮಾದರಿ ಇದೆ ಎಂದುಕೊಳ್ಳಿ. ಅವರಲ್ಲಿ ಈ ಗುಂಪಿನವರು ಸುಮಾರು 1,400, ಅದರಲ್ಲಿ ಶೇ 3ರಂತೆ ಆಸ್ಪತ್ರೆ ಸೇರಿದವರು 42. ಇಷ್ಟು ಜನರಿಂದ ತೆಗೆದ ದರದಲ್ಲೇ ಮಾದರಿ ದೋಷ (ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಕೇಳಿದ್ದರಿಂದ ಬರುವ ಏರುಪೇರು) ಆ ದರದ ಶೇ 15ರ ಸುಮಾರು. ಮನೆಗಳು ಹಳ್ಳಿಹಳ್ಳಿಯಾಗಿ ಗುಂಪಾಗಿರುವುದರಿಂದ ಅದು ಇನ್ನೂ ಏರುತ್ತದೆ. 42 ಜನರನ್ನು ಹೆಣ್ಣು-ಗಂಡು, ಸರ್ಕಾರಿ-ಖಾಸಗಿ ಎಂದು ಒಡೆದರೆ ಕೋಷ್ಟಕದ ಒಂದೊಂದು ಕೋಣೆಗೆ ಹತ್ತು ಹನ್ನೊಂದು ಜನ. ಆಸ್ಪತ್ರೆ ಸೇರಿದ ಮನೆಗಳನ್ನು ಹೆಚ್ಚಾಗಿ ಆರಿಸುವುದರಿಂದ ನಿಜದಲ್ಲಿ ಸಂಖ್ಯೆ ಇದಕ್ಕಿಂತ ಉತ್ತಮವಾಗಿರುತ್ತದೆ, ಆದರೂ ಜಿಲ್ಲಾ ಮಟ್ಟದ ಜಾತಿವಾರು ಅಂಕಿ ಕೊಟ್ಟವರನ್ನು ‘ಎಷ್ಟು ಪ್ರಕರಣಗಳ ಮೇಲೆ’ ಎಂದು ಕೇಳಲೇಬೇಕು. 30ಕ್ಕಿಂತ ಕಡಿಮೆ ಪ್ರಕರಣಗಳ ಮೇಲೆ ಕಟ್ಟಿದ ತೀರ್ಮಾನಕ್ಕೆ ಬೆಲೆ ಕೊಡಬೇಕಾಗಿಲ್ಲ.

ಆಸ್ಪತ್ರೆಯ ರಿಜಿಸ್ಟರ್ ಏಕೆ ಸಾಲದು?

ಮನೆಯ ನೆನಪಿಗಿಂತ ಆಸ್ಪತ್ರೆಯ ದಾಖಲೆ ಗಟ್ಟಿ, ನಿಜ. ಡೆನ್ಮಾರ್ಕಿನಲ್ಲಿ 1968ರಿಂದ ಪ್ರತಿಯೊಬ್ಬರಿಗೂ ವ್ಯಕ್ತಿ ಸಂಖ್ಯೆ ಇದೆ, 1977ರಿಂದ ರಾಷ್ಟ್ರೀಯ ರೋಗಿ ನೋಂದಣಿ ಇದೆ. ಎರಡನ್ನೂ ಓದು, ಆದಾಯದ ದಾಖಲೆಗಳ ಜೊತೆ ಹೆಸರು ಮರೆಮಾಡಿ ಜೋಡಿಸಿದರೆ, ಆಸ್ಪತ್ರೆ ಸೇರಿದವರೂ ಸೇರದವರೂ ಒಂದೇ ಲೆಕ್ಕದಲ್ಲಿ ಸಿಗುತ್ತಾರೆ.

ನಮ್ಮಲ್ಲಿ 2008ರಿಂದ ನಡೆಯುತ್ತಿರುವ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಗೆ ಆಸ್ಪತ್ರೆಗಳು ತಿಂಗಳಿಗೊಮ್ಮೆ ಒಳರೋಗಿಗಳ ಸಂಖ್ಯೆ ಕಳಿಸುತ್ತವೆ: ಗಂಡು, ಹೆಣ್ಣು, ಮಕ್ಕಳು, ದೊಡ್ಡವರು. ಒಳರೋಗಿಗಳ ಜಾತಿ, ಓದು, ಆದಾಯದ ವಿಂಗಡಣೆ ಅದರಲ್ಲಿಲ್ಲ. ಖಾಸಗಿ ಆಸ್ಪತ್ರೆಗಳ ವರದಿ ಅರೆಬರೆ. ಕೇಸ್ ಶೀಟಿನ ಮೊದಲ ಪುಟದಲ್ಲಿ ಕಸುಬಿನ ಜಾಗ ಬಹುತೇಕ ಖಾಲಿ, ಇಲ್ಲವೇ ‘ಕೂಲಿ’. ಬಿಪಿಎಲ್ ಕಾರ್ಡಿನ ಸಂಖ್ಯೆ ಇರುತ್ತದೆ ನಿಜ, ಆದರೆ ಕರ್ನಾಟಕದ ಬಹುಪಾಲು ಕುಟುಂಬಗಳ ಬಳಿ ಆ ಕಾರ್ಡ್ ಇರುವುದರಿಂದ ಬಡವರಲ್ಲೇ ಕಡುಬಡವರು ಯಾರೆಂದು ಅದು ತೋರಿಸುವುದಿಲ್ಲ.

ವಿಮೆ ಯೋಜನೆಯ ಕ್ಲೇಮುಗಳಿಂದ ತಿಳಿಯಬಹುದಲ್ಲ ಎನ್ನುವವರಿದ್ದಾರೆ. ಕ್ಲೇಮು ಎಣಿಸುವುದು ಹಣ ಪಾವತಿಯನ್ನು. ಕಾರ್ಡಿದ್ದೂ ಹಾಸಿಗೆ ಸಿಗದೆ ಮರಳಿದವರು ಅದರಲ್ಲಿಲ್ಲ. ದತ್ತಾಂಶದ ಗುಣಮಟ್ಟವೂ ಪ್ರಶ್ನಾರ್ಹ: ಆಯುಷ್ಮಾನ್ ಭಾರತ್ ಯೋಜನೆಯ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು, ಒಂಬತ್ತನ್ನೇ ಹತ್ತು ಸಲ ಒತ್ತಿ ಬರೆದ ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದನ್ನು ಮಹಾಲೇಖಪಾಲರು 2023ರ ವರದಿಯಲ್ಲಿ ದಾಖಲಿಸಿದ್ದಾರೆ.

ಎರಡು ಸುತ್ತುಗಳನ್ನು ಹೋಲಿಸುವಾಗ

75ನೇ ಸುತ್ತು ಮುಗಿದದ್ದು 2018ರ ಜೂನ್‌ನಲ್ಲಿ, ಆಯುಷ್ಮಾನ್ ಭಾರತ್ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 23ರಂದು. 75ನೇ ಸುತ್ತಿನ ಹೊತ್ತಿಗೆ ಯಾವುದೇ ಆರೋಗ್ಯ ವಿಮೆಯಿಲ್ಲದವರು ಹಳ್ಳಿಗಳಲ್ಲಿ ಶೇ 85.9, ನಗರಗಳಲ್ಲಿ ಶೇ 80.9. 2024ರ ಅಕ್ಟೋಬರ್‌ನಲ್ಲಿ 70 ವರ್ಷ ದಾಟಿದವರೆಲ್ಲರಿಗೂ ಯೋಜನೆ ವಿಸ್ತರಣೆಯಾಯಿತು. ಈ ನಡುವೆ ವಿಮೆಯ ವ್ಯಾಪ್ತಿ ಏರಿದರೆ ಅದರಲ್ಲಿ ಅಚ್ಚರಿಯಿಲ್ಲ. ಕೇಳಬೇಕಾದ್ದು ಬೇರೆ: ಕಾರ್ಡಿದ್ದ ಮನೆಯವರು ಅಡ್ಮಿಟ್ ಆದಾಗ ಜೇಬಿನಿಂದ ಕೊಟ್ಟದ್ದು ಎಷ್ಟು, ತಳದ ಐದನೇ ಭಾಗದ ವಯಸ್ಸು ಸರಿಪಡಿಸಿದ ದಾಖಲಾತಿ ದರ ಮೇಲಿನ ಭಾಗಕ್ಕೆ ಎಷ್ಟು ಹತ್ತಿರವಾಯಿತು.

ಬಡವರ ಆಸ್ಪತ್ರೆ ದಾಖಲಾತಿ ಏರಿದರೆ ಅದನ್ನು ರೋಗ ಹೆಚ್ಚಿದ ಸುದ್ದಿಯಾಗಿ ಓದಬೇಡಿ, ಬಾಗಿಲು ತೆರೆದ ಸುದ್ದಿಯೂ ಆಗಿರಬಹುದು. ಯಾವ ಕಾಯಿಲೆಗೆ ಏರಿದೆ ಎಂದು ನೋಡಿದರೆ ತಿಳಿಯುತ್ತದೆ. ಮುರಿದ ಮೂಳೆ, ಹೃದಯಾಘಾತ, ಕ್ಯಾನ್ಸರಿಗೆ ಏರಿದ್ದರೆ ಹಿಂದೆ ತಪ್ಪಿಹೋಗುತ್ತಿದ್ದ ಚಿಕಿತ್ಸೆ ಸಿಗುತ್ತಿದೆ. ವಾಂತಿಭೇದಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಗೆ ಏರಿದ್ದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಕೆಲಸ ಮಾಡುತ್ತಿಲ್ಲ. ವಿಮೆ ಯೋಜನೆ ಆಸ್ಪತ್ರೆಗೆ ಕೊಡುವ ಪ್ಯಾಕೇಜ್ ದರ ಹೆಚ್ಚಿರುವ ಆಪರೇಷನ್‌ಗಳಷ್ಟೇ ಏರಿದ್ದರೆ, ಗರ್ಭಕೋಶ ತೆಗೆಯುವಂಥವು ಅದರಲ್ಲಿದ್ದರೆ, ತನಿಖೆ ಆಗಬೇಕು. ಮಲಗಿದ ದಿನಗಳ ಸಂಖ್ಯೆಯನ್ನೂ ಹೀಗೇ ಎರಡು ದಿಕ್ಕಿನಿಂದ ಓದಬೇಕು. ತಡವಾಗಿ, ರೋಗ ಬಲಿತ ಮೇಲೆ ಬಂದವರು ಹೆಚ್ಚು ದಿನ ಇರುತ್ತಾರೆ. ದುಡ್ಡು ಮುಗಿದವರು ಡಾಕ್ಟರ ಮಾತು ಮೀರಿ ಸಹಿ ಹಾಕಿ ಬೇಗ ಮನೆಗೆ ಹೋಗುತ್ತಾರೆ. ಇಬ್ಬರೂ ಬಡವರೇ ಆಗಿದ್ದರೆ ಸರಾಸರಿ ಏನನ್ನೂ ತೋರಿಸುವುದಿಲ್ಲ.

ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. 2017-18ರ ನಂತರದ ವರ್ಷಗಳ ಮನೆಖರ್ಚಿನ ಅಂದಾಜಿಗೆ ಬುನಾದಿ ಇದೇ 75ನೇ ಸುತ್ತು. ಹೊಸ ಯೋಜನೆಗೆ ಮೊದಲಿನ ಸಮೀಕ್ಷೆಯನ್ನು ಮುಂದಕ್ಕೆ ಎಳೆದು ತೆಗೆದ ಅಂಕಿಯನ್ನು ಆ ಯೋಜನೆಯ ಫಲಕ್ಕೆ ಪುರಾವೆ ಮಾಡಲಾಗದು. ಹೊಸ ಸುತ್ತಿನ ದತ್ತಾಂಶ ಹಾಕಿ ಆ ಸರಣಿಯನ್ನು ಮತ್ತೆ ಲೆಕ್ಕ ಮಾಡಬೇಕು, ಅಂಕಿ ಏರಿದರೂ ಸರಿ, ಇಳಿದರೂ ಸರಿ.

ಕರ್ನಾಟಕದ ಕೈಯಲ್ಲೇ ಇರುವ ಒಂದು ಕೆಲಸವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸುತ್ತುಗಳಲ್ಲಿ ರಾಜ್ಯದ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಕೇಂದ್ರದ ಮಾದರಿಗೆ ಸಮಾನಾಂತರವಾಗಿ ತನ್ನದೇ ಮಾದರಿಯನ್ನು ಅದೇ ಪ್ರಶ್ನಾವಳಿಯಲ್ಲಿ ಸಂಗ್ರಹಿಸುತ್ತದೆ. ಕೇಂದ್ರ ಮತ್ತು ರಾಜ್ಯದ ಮಾದರಿಗಳನ್ನು ಕೂಡಿಸಿದರೆ ಪ್ರಕರಣಗಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೇಲೆ 42 ಎಂದು ಲೆಕ್ಕ ಹಾಕಿದ ಕೋಣೆ 84 ಆಗುತ್ತದೆ, ಮಾದರಿ ದೋಷ ಶೇ 15ರಿಂದ ಶೇ 11ಕ್ಕೆ ಇಳಿಯುತ್ತದೆ. ಕೂಡಿಸುವ ಮೊದಲು ಎರಡೂ ಮಾದರಿಗಳ ಸರಾಸರಿ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು, ತೂಕಗಳನ್ನು ಮರುಹೊಂದಿಸಬೇಕು. ಕೆಲವು ತಿಂಗಳ ಕೆಲಸ. 80ನೇ ಸುತ್ತಿಗೆ ಇದನ್ನು ಮಾಡಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ದಾಖಲಾತಿ ದರವನ್ನು ಕಂದಾಯ ವಿಭಾಗವಾರು, ವಯಸ್ಸು ಸರಿಪಡಿಸಿ, ಪ್ರತಿ ಅಂಕಿಯ ಪಕ್ಕದಲ್ಲಿ ಪ್ರಕರಣಗಳ ಸಂಖ್ಯೆ ಬರೆದು ನಿರ್ದೇಶನಾಲಯ ಪ್ರಕಟಿಸಲಿ.